ನನ್ನ ವರತಿಯ ನೀರು

ಯಾರೇ ನೀರು ಕೊಟ್ಟರೂ ನಾನು ಮೊದಲು ಮೂಸಿ ನೋಡುತ್ತೇನೆ. ಮದುವೆಮನೆಯಲ್ಲೂ ಅಷ್ಟೇ, ಬೀಗರ ಮನೆಯಲ್ಲೂ ಅಷ್ಟೇ. ಕೊಟ್ಟವರ ಮುಖ ಸಣ್ಣದಾಗುತ್ತದೆ, ನನಗೂ ನಾಚಿಕೆಯಾಗುತ್ತದೆ, ಆದರೂ ಬಿಡಲಾಗಿಲ್ಲ. ನಾನು ಹುಟ್ಟಾ ಅನುಮಾನದ ಹೆಂಗಸು. ಅಂಗಡಿಯವನು ತೂಕ ಮಾಡುವಾಗ ತಕ್ಕಡಿ ನೋಡುವುದಿಲ್ಲ, ಅವನ ಬೆರಳು ನೋಡುತ್ತೇನೆ. ಇದು ನನ್ನ ಗುಣವೋ ರೋಗವೋ ಎಂದು ಕೇಳಿದರೆ ಎರಡೂ ಎನ್ನಬೇಕು.

ಮೊನ್ನೆ ನಮ್ಮ ಓಣಿಯ ಹೊಸ ಸೊಸೆಯೊಬ್ಬಳು ಹೊಟ್ಟೆ ಹಿಡಿದುಕೊಂಡು ಬಂದು, "ಮಾಮಿ, ನಮ್ಮತ್ತಿ ನನಗ ಮದ್ದು ಹಾಕ್ಯಾರ" ಎಂದಳು. ಅನ್ನದಲ್ಲಿ ಕದ್ದು ವಿಷ ಬೆರೆಸುವುದಕ್ಕೆ ನಮ್ಮ ಕಡೆ ಮದ್ದು ಹಾಕುವುದು ಎನ್ನುತ್ತಾರೆ. ಮೊದಲು ದವಾಖಾನೆಗೆ ನಡೆ ಎಂದು ಅವಳನ್ನು ಬೈದು ಕಳಿಸಿದೆ. ಬೈದರೆ ಸಾಲದು, ನನ್ನ ಕಥೆ ಪೂರ್ತಿ ಹೇಳಬೇಕು ಅನ್ನಿಸಿ ಬರೆಯಲು ಕೂತಿದ್ದೇನೆ.

ಎಮರ್ಜನ್ಸಿ ಮುಗಿದ ವರ್ಷದ ಮಾತು. ಝಳಕಿಯಿಂದ ಎರಡು ಮೈಲಿ ಒಳಗೆ ನಮ್ಮ ಊರು. ನಮ್ಮನೆಯವರು ಅಲ್ಲಿಯೇ ಕನ್ನಡ ಸಾಲಿ ಮಾಸ್ತರು. ಭಾವ ಇಂಡಿ ತಾಲೂಕು ಕಚೇರಿಯಲ್ಲಿ ಕಾರಕೂನರು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಅವರ ಹೆಂಡತಿ ಕಮಲಾಬಾಯಿ, ನನಗೆ ವೈನಿ. ಅತ್ತೆ ತೀರಿಹೋಗಿದ್ದರಿಂದ ಅಡುಗೆಮನೆ ವೈನಿಯ ಕೈಯಲ್ಲಿತ್ತು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ನನಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ.

ಆ ದೀಪಾವಳಿಗೆ ನನಗೆ ಮೂರು ತಿಂಗಳಾಗಿತ್ತು. ಹಬ್ಬದ ದಿನ ವೈನಿ ಹೋಳಿಗೆ ಬಡಿಸಿದರು. "ಇನ್ನೊಂದು ಹಾಕ್ಕೋ, ಸಿಂಧೂ. ಇಬ್ಬರ ಊಟ ನಿಂದು" ಎಂದು ಒತ್ತಾಯ ಮಾಡಿ ಹಾಕಿದರು. ಮಾರನೆಯ ದಿನವೇ ಗರ್ಭ ನಿಲ್ಲದೆ ಹೋಯಿತು. ಇಂಡಿಯ ಡಾಕ್ಟರು ಹೀಗಾಗುವುದುಂಟು, ಯಾರ ತಪ್ಪೂ ಅಲ್ಲ ಎಂದರು. ಯಾರ ತಪ್ಪೂ ಅಲ್ಲ ಅಂದರೆ ನಾನು ಹೇಗೆ ನಂಬಲಿ? ಅಷ್ಟು ದೊಡ್ಡ ದುಃಖಕ್ಕೆ ಯಾರಾದರೂ ಒಬ್ಬರು ಬೇಕಲ್ಲ! ಸಾಲೋಟಗಿಯಿಂದ ನನ್ನ ಅವ್ವ ಬಂದು, ತಲೆ ಬಾಚುತ್ತಾ ಕಿವಿಯಲ್ಲಿ ಕೇಳಿದಳು: "ಹಬ್ಬದ ದಿನ ಯಾರ ಕೈಯಾಗ ಉಂಡಿದ್ದಿ?"

ಅವತ್ತಿನಿಂದ ವೈನಿಯ ಕೈಯ ಅನ್ನ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಉಣ್ಣುವುದಿಲ್ಲ ಎಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಯೋಚನೆ ಮಾಡಿ ಮಾಡಿ ಒಂದು ದಾರಿ ಹುಡುಕಿದೆ. ಸಂತಾನಕ್ಕಾಗಿ ಸ್ವಯಂಪಾಕದ ವ್ರತ ಹಿಡಿಯುತ್ತೇನೆ ಎಂದೆ. ಅಂದರೆ ಒದ್ದೆ ಸೀರೆಯಲ್ಲಿ ನಾನೇ ಮಡಿಯಿಂದ ನೀರು ತರಬೇಕು, ನಾನೇ ಬೇರೆ ಒಲೆಯಲ್ಲಿ ಬೇಯಿಸಬೇಕು, ಒಬ್ಬಳೇ ಉಣ್ಣಬೇಕು, ನನ್ನ ನೀರನ್ನೂ ಪಾತ್ರೆಯನ್ನೂ ಬೇರೆ ಯಾರೂ ಮುಟ್ಟಬಾರದು. ವ್ರತಕ್ಕೆ ಬೇಡ ಎನ್ನುವ ಧೈರ್ಯ ನಮ್ಮಂಥ ಮನೆಗಳಲ್ಲಿ ಯಾರಿಗಿದೆ? ಭಾವ ಕೈಮುಗಿದರು. ವೈನಿ ಮಾತ್ರ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಹಿತ್ತಲ ಪಡಸಾಲೆಯ ಒಲೆಯನ್ನು ಸಾರಿಸಿ ಕೊಟ್ಟರು.

ನಮ್ಮ ಮನೆಯ ಬಾವಿ ಸವುಳು. ಊರಿನ ಸಿಹಿನೀರೆಲ್ಲ ದೊಡ್ಡ ಕೆರೆಯದು. ಮಳೆಗಾಲದಲ್ಲಿ ಆಚೆ ದಂಡೆ ಕಾಣದಷ್ಟು ದೊಡ್ಡ ಕೆರೆ; ಶಿವರಾತ್ರಿ ಹೊತ್ತಿಗೆ ಹಿಂದೆ ಸರಿಯುತ್ತಿತ್ತು. ಆಗ ಕೆರೆಯ ಒಣ ಹಾಸಿನಲ್ಲಿ ಮೊಳದಾಳದ ಗುಂಡಿ ತೋಡಿದರೆ ತಿಳಿನೀರು ಜಿನುಗುತ್ತದೆ. ಅದೇ ವರತಿ. ಊರವರದೆಲ್ಲ ಪಡುವಣ ಕಡೆ, ಗುಡಿಯ ಮೆಟ್ಟಿಲ ಕೆಳಗೆ ಸಾಲಾಗಿ ಇದ್ದವು. ನನಗೆ ಯಾರ ಕೊಡವೂ ಯಾರ ನೆರಳೂ ತಾಗದ ಜಾಗ ಬೇಕಿತ್ತು. ಆ ಶಿವರಾತ್ರಿಗೆ ಮೂಡಣ ಮೂಲೆಗೆ ಹೋಗಿ ತೋಡಿಕೊಂಡೆ. ಅಲ್ಲಿ ರಸ್ತೆಗೆ ಹತ್ತಿ ಒಂದು ತಗಡಿನ ಶೆಡ್ಡು ಇತ್ತು. ಲಾರಿಗಳ ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ, ಗಟ್ಟಿ ಮಾಡಿ ಸೊಲ್ಲಾಪುರಕ್ಕೆ ಕಳಿಸುತ್ತಿದ್ದರು. ಅವರ ಹೊಗೆ ಅವರಿಗೆ, ನನ್ನ ನೀರು ನನಗೆ ಎಂದುಕೊಂಡೆ. ನೀರು ಎಷ್ಟು ತಿಳಿ ಇತ್ತೆಂದರೆ ತಳಕ್ಕೆ ಕೈ ಇಟ್ಟರೆ ನನ್ನ ಬಳೆ ಎಣಿಸಬಹುದಿತ್ತು.

ಎಂಟು ದಿನದ ಮೇಲೆ ವೈನಿ ಹಿತ್ತಲ ಬಾಗಿಲಲ್ಲಿ ನಿಂತು, ಮಡಿಗೆ ತಾಗದಷ್ಟು ದೂರದಿಂದ ಹೇಳಿದರು:

"ಸಿಂಧೂ, ಆ ಮೂಲ್ಯಾಗಿನ ನೀರು ತರಬ್ಯಾಡ. ಅಲ್ಲೆ ಒಂದು ಕಪ್ಪಿ ಸುದ್ದಾ ಇಲ್ಲ, ನೋಡೀ ಏನು? ಎಮ್ಮಿ ಮೂಸಿ ನೋಡಿ ಹೊಳ್ಳಿ ಹೋಗ್ತಾವ. ಮೆಟ್ಟಿಲ ಕಡೆ ನಮ್ಮ ವರತಿ ಪಕ್ಕಕ್ಕ ತೋಡ್ಕೋ."

"ಕಪ್ಪಿ ಇಲ್ಲದಿದ್ರ ಚಲೋನೇ ಆತಲ್ರೀ ವೈನಿ, ನೀರು ಸ್ವಚ್ಛ ಅದ ಅಂತ ಅರ್ಥ" ಎಂದೆ.

"ಹಠಾ ಮಾಡಬ್ಯಾಡವಾ."

"ವ್ರತ ನಂದು. ನೀರೂ ನಂದು."

ಒಳಗೆ ಬಂದು ಚಿಲಕ ಹಾಕಿಕೊಂಡು ಯೋಚಿಸಿದೆ. ಓಹೋ! ನನ್ನ ನೀರನ್ನು ತನ್ನ ವರತಿಯ ಪಕ್ಕಕ್ಕೆ ತರಿಸಿಕೊಳ್ಳಬೇಕಂತೆ. ಅಲ್ಲಾದರೆ ಕೈ ಹಾಕಲು ಸುಲಭ. ನಾನೇನು ಕೂಸೇ? ಮರುದಿನದಿಂದ ನನ್ನ ವರತಿಯನ್ನು ಮತ್ತೂ ಹತ್ತು ಹೆಜ್ಜೆ ಮೂಡಣಕ್ಕೆ, ಶೆಡ್ಡಿನ ಕಡೆಗೇ ಸರಿಸಿದೆ. ಆ ಹತ್ತು ಹೆಜ್ಜೆ ನೆನೆದರೆ ಇವತ್ತಿಗೂ ಹಣೆ ಚಚ್ಚಿಕೊಳ್ಳುವಂತಾಗುತ್ತದೆ.

ಯುಗಾದಿ ಕಳೆದ ಮೇಲೆ ಬಾಯಲ್ಲಿ ಒಂದು ರುಚಿ ಬಂತು. ಸಿಹಿಯೂ ಅಲ್ಲ, ಒಗರೂ ಅಲ್ಲ. ತಾಮ್ರದ ಕಾಸು ನಾಲಿಗೆಯ ಮೇಲೆ ಇಟ್ಟುಕೊಂಡ ಹಾಗೆ. ಆಮೇಲೆ ಹೊಟ್ಟೆನೋವು. ನೋವೆಂದರೆ ಒದ್ದೆ ಬಟ್ಟೆ ಹಿಂಡಿದಂತೆ ಕರುಳು ಹಿಂಡುತ್ತಿತ್ತು. ಐದೈದು ದಿನ ಹೊರಕಡೆಗೆ ಆಗುತ್ತಿರಲಿಲ್ಲ. ಯಾರು ಮಾತಾಡಿಸಿದರೂ ಸಿಡುಕು. ನಾನೇ ತಂದ ನೀರು, ನಾನೇ ಬೇಯಿಸಿದ ಅನ್ನ, ಆದರೂ ಈ ಗತಿ ಎಂದರೆ ಅರ್ಥ ಒಂದೇ ಎಂದುಕೊಂಡೆ. ಆಕೆ ಹೇಗೋ ನನ್ನ ಒಲೆಯ ತನಕ ಬರುತ್ತಿದ್ದಾಳೆ.

ಕೊಡದ ಸುತ್ತ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ಮಲಗಿದೆ. ಮುಂಜಾನೆ ನೋಡಿದರೆ ಒಂದು ಎಳೆಯೂ ಅಳಿದಿರಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೆ ಸಮಾಧಾನವಾಗುತ್ತಿತ್ತು. ನಾನು, ಎಲಾ ಇವಳ, ರಂಗೋಲಿ ಅಳಿಯದಂತೆ ಮದ್ದು ಹಾಕುವಷ್ಟು ಹುಷಾರು ಎಂದುಕೊಂಡೆ! ಮುಚ್ಚಳಕ್ಕೆ ನೂಲು ಕಟ್ಟಿದೆ. ನೂಲೂ ಹರಿಯಲಿಲ್ಲ. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಹೊಟ್ಟೆ ಉರಿ ತಣ್ಣಗಾಗಲಿ ಎಂದು ಇನ್ನೆರಡು ತಂಬಿಗೆ ನನ್ನ ವರತಿಯ ನೀರನ್ನೇ ಹೆಚ್ಚು ಕುಡಿದೆ.

ಇಂಡಿಯ ಡಾಕ್ಟರು ಪಿತ್ತವೆಂದು ಪುಡಿ ಕೊಟ್ಟರು. ಎರಡನೆಯ ಸಲ ಹೋದಾಗ ನಮ್ಮನೆಯವರನ್ನು ಪಕ್ಕಕ್ಕೆ ಕರೆದು, "ಕೂಸು ಹೋದ ದುಃಖ ಹೊಟ್ಯಾಗ ಕುಂತದ" ಎಂದರು. ಬೆಂಚಿನ ಮೇಲೆ ಕೂತು ನಾನು ಎಲ್ಲ ಕೇಳಿಸಿಕೊಂಡೆ. ಡಾಕ್ಟರಿಗೂ ವೈನಿಗೂ ಏನಾದರೂ ನಂಟಿದೆಯೇ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಕಡೆಗೆ ಅವ್ವ ನನ್ನನ್ನು ಬಸವನ ಬಾಗೇವಾಡಿಯ ಹತ್ತಿರದ ಒಂದು ಹಳ್ಳಿಗೆ, ಮದ್ದು ತೆಗೆಯುವವನ ಬಳಿಗೆ ಕರೆದುಕೊಂಡು ಹೋದಳು. ಬೇವಿನ ಕಟ್ಟೆಯ ಸುತ್ತ ನನ್ನಂಥವರೇ ಹದಿನೈದು ಮಂದಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು, ಯಾರು ಹಾಕಿದರು ಎಂದು ಪಿಸುಪಿಸು ಹೇಳಿಕೊಳ್ಳುತ್ತಿದ್ದರು. ಅತ್ತೆ, ನಾದಿನಿ, ಸವತಿ, ದಾಯಾದಿ. ನನ್ನ ಸರದಿ ಬಂದಾಗ ಅವನು ಹಸಿರು ರಸ ಕುಡಿಸಿದ. ಕರುಳು ಕಿತ್ತು ಬರುವಂತೆ ವಾಂತಿಯಾಯಿತು. ಅವನು ಕಡ್ಡಿಯಿಂದ ಕೆದಕಿ, ಕೂದಲು ಸುತ್ತಿದ ಕರಿ ಉಂಡೆಯೊಂದನ್ನು ಎತ್ತಿ ತೋರಿಸಿದ.

"ಒಳಮನಿ ಹೆಣಮಗಳ ಕೈ ಐತಿ" ಎಂದ.

ಅಂಗಡಿಯವನ ಬೆರಳು ನೋಡುವ ನಾನು, ಅವನ ಬೆರಳು ನೋಡಲಿಲ್ಲ. ನನಗೆ ಬೇಕಾದ ಮಾತನ್ನು ಅವನು ಹೇಳಿದ್ದ.

ಮನೆಗೆ ಬಂದವಳೇ ಪಡಸಾಲೆಯಲ್ಲಿ ನಿಂತು, ಭಾವನ ಎದುರಿಗೇ, ಎಂದೂ ಎತ್ತದ ಗಂಟಲು ಎತ್ತಿದೆ. ಹೋಳಿಗೆಯಿಂದ ಹಿಡಿದು ಕರಿ ಉಂಡೆಯ ತನಕ ಎಲ್ಲ ಅಂದೆ. ನನ್ನ ಕೂಸನ್ನು ನೀವೇ ತಿಂದಿರಿ ಎಂದೂ ಅಂದೆ. ನಮ್ಮನೆಯವರು ಗೋಡೆ ನೋಡುತ್ತಾ ನಿಂತರು. ವೈನಿ ಹಿಟ್ಟು ನಾದುತ್ತಿದ್ದವರು ಕೈ ತೊಳೆದುಕೊಂಡು ಬಂದರು. ಅಳಲಿಲ್ಲ, ಆಣೆ ಮಾಡಲಿಲ್ಲ.

"ನಾ ಈ ಮನ್ಯಾಗ ಇಲ್ಲದಿದ್ರ ನಿನಗ ಆರಾಮ ಆಗ್ತದ ಅಂದ್ರ, ನಾಳೆನೇ ಹೋಗ್ತೀನಿ. ಹೋದ ಮ್ಯಾಲೂ ಆಗದಿದ್ರ ಏನ್ ಮಾಡ್ತೀ, ಸಿಂಧೂ?"

ಮರುದಿನ ಅವರು ಇಬ್ಬರೂ ಮಕ್ಕಳನ್ನು ಕರೆದುಕೊಂಡು ಸಿಂದಗಿಯ ತವರಿಗೆ ಹೋದರು. ಸಾಲಿಗೆ ಬೇಸಿಗೆ ಸೂಟಿಯ ದಿನಗಳಾದ್ದರಿಂದ ಊರಲ್ಲಿ ಯಾರೂ ಕೇಳಲಿಲ್ಲ. ಭಾವ ನನ್ನ ಜೊತೆ ಮಾತು ಬಿಟ್ಟರು.

ಒಂದು ವಾರ ಚೆನ್ನಾಗಿಯೇ ಇದ್ದೇನೆ ಎನಿಸಿತು, ಹಾಗೆಂದು ನಂಬಿಕೊಂಡೆ. ಎರಡನೆಯ ವಾರ ಒಂದು ಮುಂಜಾನೆ ಕೊಡ ಎತ್ತಲು ಹೋದರೆ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತು. ಎತ್ತು ಎಂದರೆ ಏಳದು. ನೋವಿಲ್ಲ, ಊತವಿಲ್ಲ, ಸುಮ್ಮನೆ ನೇತಾಡುತ್ತಿದೆ. ನಾಲ್ಕು ದಿನಕ್ಕೆ ಎಡಗೈಯೂ ಹಾಗೇ ಆಯಿತು. ಮನೆಯಲ್ಲಿ ವೈನಿ ಇಲ್ಲ. ಅವರ ನೆರಳೂ ಇಲ್ಲ. ನಿಜ ಹೇಳುತ್ತೇನೆ, ನಮ್ಮನೆಯವರು ಚಹಾ ಮಾಡಿ ಬಾಯಿಗೆ ಹಿಡಿದಾಗ, ಇವರೇ ಇರಬಹುದೇ ಎಂದೂ ಒಂದು ಗಳಿಗೆ ಅಂದುಕೊಂಡೆ. ಅಷ್ಟು ದೂರ ಹೋಗಿದ್ದೆ. ಅವರು ನನ್ನ ಕಣ್ಣಲ್ಲಿ ಅದನ್ನು ಓದಿಕೊಂಡರೇನೋ, ಕಪ್ಪು ಕೆಳಗಿಟ್ಟು, "ನಡಿ ಸೊಲ್ಲಾಪುರಕ್ಕ. ಇವತ್ತ ನಿನ್ನ ಮಾತು ಕೇಳೂದಿಲ್ಲ" ಎಂದರು.

ಸೊಲ್ಲಾಪುರದ ಆ ದವಾಖಾನೆಯ ಹೊರಗಿನ ಬೆಂಚು ಉದ್ದವಾಗಿತ್ತು. ಅದರ ಒಂದು ತುದಿಗೆ ನಾನು ಸೀರೆ ಒತ್ತಿಕೊಂಡು ಕೂತೆ. ಇನ್ನೊಂದು ತುದಿಗೆ ಗಡ್ಡದ ಮನುಷ್ಯನೊಬ್ಬ, ಪಕ್ಕದಲ್ಲಿ ಅವನ ಹೆಂಡತಿ. ಎಲ್ಲೋ ನೋಡಿದ ಮುಖ. ಅವನ ಕೈ ನೋಡಿದೆ. ಎರಡೂ ಕೈ ತೊಡೆಯ ಮೇಲೆ ಮಣಿಕಟ್ಟಿನಿಂದ ಜೋತುಬಿದ್ದಿದ್ದವು, ನನ್ನವೇ ಎನ್ನುವ ಹಾಗೆ. ಆಗ ಗುರುತು ಸಿಕ್ಕಿತು. ಶೆಡ್ಡಿನಲ್ಲಿ ಕೆಲಸ ಮಾಡುವ ಲಾಲಸಾಬ.

ಡಾಕ್ಟರು ವಯಸ್ಸಾದವರು. ನನ್ನ ತುಟಿ ಎತ್ತಿ ಒಸಡು ನೋಡಿದರು. ಹಲ್ಲಿನ ಬುಡಕ್ಕೆ ನೀಲಿ ಗೆರೆ ಎಳೆದಂತಿದೆ ಎಂದು ನಮ್ಮನೆಯವರಿಗೂ ತೋರಿಸಿದರು. ಆಮೇಲೆ ಲಾಲಸಾಬನನ್ನೂ ಒಳಗೆ ಕರೆಸಿ, ನಮ್ಮಿಬ್ಬರ ಕೈಗಳನ್ನೂ ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಇಡಿಸಿದರು. ಅವರದು ಅರ್ಧ ಮರಾಠಿ, ಅರ್ಧ ಕನ್ನಡ.

"ನೀವಿಬ್ಬರೂ ಒಂದೇ ಮನಿಯವರೇನು?"

ನಾನು ಭೂಮಿಗೆ ಇಳಿದುಹೋದೆ. ಲಾಲಸಾಬ, "ಛೇ ಛೇ, ಇಲ್ರೀ ಸಾಹೇಬ್ರ. ಅವರು ಮಾಸ್ತರ ಮನಿ ಬಾಯಾರು" ಎಂದ.

"ಇದು ಸೀಸದ ವಿಷ. ಈತನದು ಕೆಲಸದಿಂದ ಬಂದದ್ದು. ಈಕೆಗೆ ಎಲ್ಲಿಂದ ಬಂತು? ಮನ್ಯಾಗ ಛಾಪಖಾನೆ ಅದ ಏನು? ಬಣ್ಣ ಅರೀತೀರೇನು?"

ಇಲ್ಲ, ಇಲ್ಲ ಎನ್ನುತ್ತಿದ್ದೆ. ಲಾಲಸಾಬನೇ ಮೆಲ್ಲಗೆ ಬಾಯಿಬಿಟ್ಟ.

"ಬಾಯಾರ, ನೀವು ನಮ್ಮ ಶೆಡ್ಡಿನ ಕೆಳಗ ವರತಿ ತೋಡಿ ನೀರು ತುಂಬತಿದ್ರಲ್ರೀ. ನಾವು ಬ್ಯಾಟರಿ ಪ್ಲೇಟು ತೊಳದ ನೀರು ಅಲ್ಲಿಗೇ ಬಿಡತೇವಿ. ಕಾಲಿವಿ ಮಣ್ಣಾಗ ಮುಚ್ಚೇತಿ, ಮ್ಯಾಲ ಕಾಣಂಗಿಲ್ಲ. ನಾವ ಆ ನೀರು ಕುಡಿಯಂಗಿಲ್ರೀ."

"ಮತ್ತ ನನಗ್ಯಾಕ ಹೇಳಲಿಲ್ಲೋ?" ಎಂದು ಚೀರಿದೆ.

"ಹೇಳಾಕ ಬಂದಿದ್ದೆರಿ, ಒಮ್ಮಿ. ಬಾಯಾರ, ಅಂತ ಕೂಗಿದೆ. ನೀವು ಮಡ್ಯಾಗ ಇದ್ರಿ. ನನ್ನ ಮಾತು ಬಿತ್ತಂತ ತುಂಬಿದ ಕೊಡ ಚೆಲ್ಲಿ, ಮತ್ತ ತುಂಬ್ಕೊಂಡು ಹೋದ್ರಿ. ಆಮ್ಯಾಲ ಕೂಗಲಿಲ್ರೀ."

ನೆನಪಾಯಿತು. ಕೊಡ ಚೆಲ್ಲಿದ್ದು ಹೌದು. ಎಂಥ ಸಿಟ್ಟಿನಿಂದ ಚೆಲ್ಲಿದ್ದೆ! ಲಾಲಸಾಬನ ಮಾತಿಗೆ ಡಾಕ್ಟರು ಮೊದಲು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನುಂಗಿಕೊಂಡರು.

ಒಂದು ತಿಂಗಳು ಅಲ್ಲಿಯೇ ಇದ್ದೆ. ಸಲೈನಿನಲ್ಲಿ ಔಷಧ ಹಾಕುತ್ತಿದ್ದರು, ಕೈಗಳಿಗೆ ಹಲಗೆ ಕಟ್ಟಿದ್ದರು. ಮೊದಲ ದಿನಗಳಲ್ಲಿ ಪ್ರತಿ ಸೂಜಿಯನ್ನೂ ಅನುಮಾನದಿಂದ ನೋಡಿ, ಬಾಟಲಿಯ ಹೆಸರು ಓದಿಸಿಕೊಂಡೇ ಚುಚ್ಚಿಸಿಕೊಳ್ಳುತ್ತಿದ್ದೆ. ಸೂಟಿ ಮುಗಿದದ್ದರಿಂದ ನಮ್ಮನೆಯವರು ರವಿವಾರ ಮಾತ್ರ ಬರುವಂತಾಯಿತು. ಉಣ್ಣಿಸುವವರು ಯಾರು? ಒಂದು ಮಧ್ಯಾಹ್ನ ತಟ್ಟೆ ಹಾಗೇ ಆರಿಹೋಗುತ್ತಿದ್ದಾಗ ಲಾಲಸಾಬನ ಹೆಂಡತಿ ಬಂದು ಹಾಸಿಗೆಯ ತುದಿಗೆ ಕೂತಳು. ಏನೂ ಕೇಳದೆ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ನನ್ನ ಬಾಯಿಗೆ ಹಿಡಿದಳು. ಹಸಿವಿತ್ತು, ತಿಂದೆ. ನಮ್ಮನೆಯವರನ್ನು ಬಿಟ್ಟು ಬೇರೆಯವರ ಕೈಯ ತುತ್ತು ತಿನ್ನದೆ ಆರು ತಿಂಗಳಾಗಿತ್ತು. ಆಕೆ ಸೆರಗಿನಿಂದ ನನ್ನ ಗದ್ದ ಒರೆಸಿ, ಗಂಡನಿಗೆ ಉಣ್ಣಿಸಲು ಆಚೆಯ ವಾರ್ಡಿಗೆ ಹೋದಳು. ದಿನಾ ಹಾಗೇ ನಡೆಯಿತು. ನಾನು ದವಾಖಾನೆ ಬಿಡುವ ದಿನ ಲಾಲಸಾಬ ಇನ್ನೂ ಅಲ್ಲಿಯೇ ಇದ್ದ.

ನಮ್ಮನೆಯವರು ಅರ್ಜಿ ಬರೆದರು. ಯಾರೋ ಬಂದು ಕೆರೆಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದರು. ನೀರಿನಲ್ಲಿ ದೋಷವಿಲ್ಲ ಎಂದು ಕಾಗದ ಬಂತು. ಬಾಟಲಿ ತುಂಬಿದ್ದು ಗುಡಿಯ ಮೆಟ್ಟಿಲ ಕಡೆ ಎಂದು ಆಮೇಲೆ ತಿಳಿಯಿತು. ಬೇಕೆಂದೇ ಹಾಗೆ ಮಾಡಿದರೇ? ಗೊತ್ತಿಲ್ಲ. ನನಗಂತೂ ಅನುಮಾನವಿದೆ, ಈ ಅನುಮಾನವನ್ನು ಮಾತ್ರ ನಾನು ಬಿಡುವವಳಲ್ಲ. ಮುಂದೆ ಶೆಡ್ಡನ್ನು ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದರು. ಯಾವ ಊರಿಗೆ, ಯಾವ ಕೆರೆಯ ಪಕ್ಕಕ್ಕೆ ಎಂದು ಕೇಳಿದರೆ ಯಾರೂ ಹೇಳಲಿಲ್ಲ.

ಶ್ರಾವಣದಲ್ಲಿ ಕೈಗಳು ಅರ್ಧ ಏಳತೊಡಗಿದವು. ಆಗ ನಾನೊಬ್ಬಳೇ ಬಸ್ಸು ಹತ್ತಿ ಸಿಂದಗಿಗೆ ಹೋದೆ. ನಮ್ಮನೆಯವರೂ ಬರುತ್ತೇನೆಂದರು, ಬೇಡವೆಂದೆ. ವೈನಿ ತವರಿನ ಹಿತ್ತಲಲ್ಲಿ ಶೇಂಗಾಕಾಯಿ ಸುಲಿಯುತ್ತಾ ಕೂತಿದ್ದರು. ಮೈ ಇಳಿದಿತ್ತು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ಆರಾಮಾದ್ಯಾ?"

"ಆದೆರಿ."

"ನಾ ಹೋದ ಮ್ಯಾಲೆ ಆರಾಮಾದಿ. ಅಂದ್ರ ನಂದೇ ತಪ್ಪಿತ್ತು ಅನ್ನು. ಊರಾಗೂ ಹಂಗ ಅಂತಿರಬೇಕಲ್ಲ."

ಅಷ್ಟು ದಿನ ಬಸ್ಸಿನಲ್ಲಿ, ಹಾಸಿಗೆಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಹೋಯಿತು. "ಕಪ್ಪಿ ಇಲ್ಲಂತ ನೀವು ಹೇಳಿದ್ರಿ, ವೈನಿ. ಎಮ್ಮಿ ಮೂಸಿ ನೋಡಿ ಹೋಗ್ತಾವ ಅಂತ ಹೇಳಿದ್ರಿ. ಎಮ್ಮಿಗಿದ್ದಷ್ಟು ಬುದ್ಧಿ ನನಗಿರಲಿಲ್ಲರಿ" ಎಂದು ಅವರ ಎದುರಿಗೆ ಕುಸಿದು ಕೂತು, ಜೋರಾಗಿ ಅತ್ತುಬಿಟ್ಟೆ. ಹೋಳಿಗೆ, ವರತಿ, ಲಾಲಸಾಬ, ನೀಲಿ ಗೆರೆ ಎಲ್ಲ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸದೆ ಕೇಳಿದರು. ಕೂಸಿನ ಮಾತು ಬಂದಾಗ ಮಾತ್ರ ಅವರ ಬೆರಳು ನಿಂತವು.

"ಅವತ್ತ ನಾನೂ ಅತ್ತೀನಿ, ಸಿಂಧೂ. ನೀ ನೋಡಲಿಲ್ಲ" ಎಂದರು.

ಎದ್ದು ಒಳಗೆ ಹೋಗಿ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದರು. ನಮ್ಮ ಮನೆಗಳಲ್ಲಿ ತಂಬಿಗೆಯನ್ನು ಎತ್ತಿ ಹಿಡಿದು ಕುಡಿಯುತ್ತೇವೆ, ತುಟಿ ತಾಗಿಸುವುದಿಲ್ಲ. ತಾಗಿದರೆ ಎಂಜಲು, ಬೇರೆಯವರು ಮುಟ್ಟುವಂತಿಲ್ಲ. ವೈನಿ ನನ್ನ ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ, ತಂಬಿಗೆಯ ಕಂಠಕ್ಕೆ ತುಟಿ ಹಚ್ಚಿ ನಾಲ್ಕು ಗುಟುಕು ಕುಡಿದರು. ಸೆರಗಿನಿಂದ ಒರೆಸದೆ ಹಾಗೇ ನನ್ನ ಮುಂದೆ ಇಟ್ಟರು.

"ನೋಡ್ಕೋ. ಮದ್ದು ಇದ್ರ ಮೊದಲ ನಾ ಸಾಯ್ತೀನಿ."

ಒಂದು ಕೈಯಲ್ಲಿ ಎತ್ತಲು ಬರುತ್ತಿರಲಿಲ್ಲ. ಎರಡೂ ಮಣಿಕಟ್ಟು ಒತ್ತಿ ಎತ್ತಿದೆ. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಅವರ ತುಟಿ ತಾಗಿದ್ದ ಕಡೆಗೇ ನನ್ನ ತುಟಿ ಹಚ್ಚಿ ಕುಡಿಯತೊಡಗಿದೆ. ಕೈ ಸೋತು ತಂಬಿಗೆ ಜಾರುವಷ್ಟರಲ್ಲಿ ವೈನಿ ಬುಡಕ್ಕೆ ಕೈ ಕೊಟ್ಟು ಹಿಡಿದರು. ತಳ ಕಾಣುವ ತನಕ ಹಾಗೇ ಹಿಡಿದಿದ್ದರು.

"ಮೂಸಿ ನೋಡಲಿಲ್ಲಲ್ಲಾ" ಎಂದರು.

ನೋಡಿರಲಿಲ್ಲ. ಅವರ ಕೈಯ ನೀರನ್ನು ಆಮೇಲೂ ಎಂದೂ ಮೂಸಿ ನೋಡಲಿಲ್ಲ. ಖಾಲಿ ತಂಬಿಗೆಯನ್ನು ಬಗಲಲ್ಲಿ ಇಟ್ಟುಕೊಂಡು ವೈನಿ ಮಕ್ಕಳನ್ನು ಕೂಗಿದರು, "ಬಟ್ಟಿ ಮಡಚ್ಕೋರಿ. ಸಿಂಧೂ ಕಾಕು ಕರಕೊಂಡು ಹೋಗ್ಲಿಕ್ಕೆ ಬಂದಾಳ."